ಕೈ ಜೋಮು ಹಿಡಿಯದಂತೆ ಬೈಕ್ ಹ್ಯಾಂಡಲ್ ಬದಲಾಯಿಸುವುದು ಹೇಗೆ?

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿಲೋಮೀಟರ್ ಚಿಲ್ಲರೆ. ವಾರಕ್ಕೆ ಮೂರು ಸಲವಾದರೂ ನಾನು ಬೈಕಿನಲ್ಲಿ ಹೋಗಿ ಬರುತ್ತೇನೆ. ಮಂಡಗದ್ದೆ ದಾಟುವಷ್ಟರಲ್ಲಿ ಬಲಗೈಯ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತಿದ್ದವು. ಗಾಜನೂರು ಹತ್ತಿರ ಗಾಡಿ ನಿಲ್ಲಿಸಿ ಕೈ ಕೊಡವಿಕೊಂಡು ಮುಂದೆ ಹೋಗಬೇಕಿತ್ತು. ವರ್ಷಗಟ್ಟಲೆ ಹೀಗೇ ಓಡಿಸಿದೆ. ಹ್ಯಾಂಡಲ್ ಬದಲಾಯಿಸಿದ ಮೇಲೆ ಈಗ ಒಂದೇ ಓಟಕ್ಕೆ ಶಿವಮೊಗ್ಗ ಮುಟ್ಟುತ್ತೇನೆ.

ಆದರೆ ಅದಕ್ಕೆ ಮುಂಚೆ ಒಂದು ಹ್ಯಾಂಡಲ್ಲನ್ನು ಚೆಂದ ನೋಡಿ ತಂದು ಹಾಕಿಸಿದ್ದೆ. ಅದರಿಂದ ಕೈನೋವು ಹೋಗಿ ಸೊಂಟನೋವು ಬಂತು, ಜೊತೆಗೆ ಒಂದು ಅಪಾಯವೂ ಎದುರಾಯಿತು. ಅದನ್ನು ಮುಂದೆ ಹೇಳುತ್ತೇನೆ. ಹ್ಯಾಂಡಲ್ ಬದಲಾಯಿಸಬೇಕು ಅಂತ ಯಾರು ಕೇಳಿದರೂ ನಾನು ಹೇಳುವುದು ಇಷ್ಟು: ಮೊದಲು ನಿಮ್ಮ ಮೈ ಅಳತೆ ತೆಗೆಯಿರಿ, ಆಮೇಲೆ ಅಂಗಡಿಗೆ ಹೋಗಿ. ಹಾಕಿದ ಮೇಲೆ ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡದೆ ರಸ್ತೆಗೆ ಇಳಿಯಬೇಡಿ.

ನೋವು ಎಲ್ಲಿದೆ ನೋಡಿ

ಜೋಮು ಕಿರುಬೆರಳು, ಉಂಗುರ ಬೆರಳಿಗೆ ಬರುತ್ತಿದ್ದರೆ ಅಂಗೈಯ ಹೊರ ಅಂಚಿನ ಮೇಲೆ ಭಾರ ಬೀಳುತ್ತಿದೆ ಅಂತ ತಿಳಿಯಬಹುದು. ಹ್ಯಾಂಡಲ್ ತಗ್ಗಿದ್ದಾಗ ಅಥವಾ ದೂರ ಇದ್ದಾಗ ಮೈಭಾರವನ್ನು ಕೈಯೇ ಹೊರುತ್ತದೆ, ಆಗ ಹೀಗಾಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಬರುತ್ತಿದ್ದರೆ ಮಣಿಕಟ್ಟು ಮೇಲಕ್ಕೆ ಮಡಚಿಕೊಂಡೇ ಇದೆ. ಹೆಗಲು ಕಿವಿ ಕಡೆಗೆ ಏರಿ ಕುತ್ತಿಗೆ ಹಿಡಿದುಕೊಳ್ಳುತ್ತಿದ್ದರೆ ಹ್ಯಾಂಡಲ್ ಎತ್ತರವೋ ಅಗಲವೋ ಜಾಸ್ತಿ ಇರಬೇಕು. ಗಾಡಿಯಿಂದ ಇಳಿದು ಎಷ್ಟು ಹೊತ್ತಾದರೂ ಜೋಮು ಬಿಡದಿದ್ದರೆ, ರಾತ್ರಿ ನಿದ್ದೆಯಲ್ಲೂ ಬರುತ್ತಿದ್ದರೆ, ಮೊದಲು ಡಾಕ್ಟರ್ ಹತ್ತಿರ ತೋರಿಸಿ. ಅದು ಹ್ಯಾಂಡಲ್‌ನಿಂದ ಸರಿಹೋಗುವ ವಿಷಯ ಅಲ್ಲದಿರಬಹುದು.

ಹ್ಯಾಂಡಲ್ ಎತ್ತರಿಸಿದರೆ ಎಲ್ಲ ಸರಿಯಾಗುತ್ತೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ತೀರಾ ನೆಟ್ಟಗೆ ಕೂತರೆ ಮೈಭಾರವೆಲ್ಲ ಬೆನ್ನುಮೂಳೆಯ ಬುಡಕ್ಕೆ ಬೀಳುತ್ತದೆ. ಮಳೆಗಾಲ ಮುಗಿದ ಮೇಲೆ ನಮ್ಮ ಕಡೆ ರಸ್ತೆ ಹೇಗಿರುತ್ತೆ ಗೊತ್ತಲ್ವಾ? ಒಂದೊಂದು ಗುಂಡಿಯೂ ನೇರ ಸೊಂಟಕ್ಕೆ ಹೊಡೆಯುತ್ತದೆ. ನನಗೆ ಆದದ್ದು ಅದೇ. ಸ್ವಲ್ಪ, ಬಹಳ ಸ್ವಲ್ಪ ಮುಂದಕ್ಕೆ ಬಾಗಿ, ಮೊಣಕೈ ಸಡಿಲವಾಗಿ ಮಡಚಿರುವ ಹಾಗೆ ಕೂರುವುದು ಒಳ್ಳೆಯದು. ಗುಂಡಿ ಬಂದಾಗ ಆ ಮಡಚಿದ ಮೊಣಕೈ ಸ್ಪ್ರಿಂಗ್ ಥರ ಕೆಲಸ ಮಾಡುತ್ತದೆ.

ದುಡ್ಡು ಖರ್ಚು ಮಾಡುವ ಮುಂಚೆ

ಹೊಸ ಹ್ಯಾಂಡಲ್ ತರುವ ಮುಂಚೆ ಈಗಿರುವುದನ್ನೇ ಸರಿಮಾಡಿ ಒಂದು ವಾರ ಓಡಿಸಿ ನೋಡಿ. ಸೀಟಿನ ಮೇಲೆ ಮಾಮೂಲಿಯಾಗಿ ಕೂತು ಗ್ರಿಪ್ ಹಿಡಿಯಿರಿ. ಬೆರಳುಗಳನ್ನು ನೆಟ್ಟಗೆ ಚಾಚಿ. ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆ ಬರಬೇಕು, ಬೆರಳು ನೇರವಾಗಿ ಬ್ರೇಕ್ ಮತ್ತು ಕ್ಲಚ್ ಲಿವರ್ ಮೇಲೆ ಕೂರಬೇಕು. ಎಷ್ಟೋ ಬೈಕ್‌ಗಳಲ್ಲಿ ಲಿವರ್ ಮೇಲಕ್ಕೆ ಏರಿರುತ್ತದೆ. ದಿನವಿಡೀ ಮಣಿಕಟ್ಟು ಮಡಚಿಕೊಂಡು ಓಡಿಸುತ್ತಾ ಇರುತ್ತೇವೆ, ಗೊತ್ತೇ ಆಗುವುದಿಲ್ಲ. ಲಿವರ್ ಹಿಡಿದಿರುವ ಬೋಲ್ಟ್ ಸಡಿಲಿಸಿ ಸ್ವಲ್ಪ ಕೆಳಕ್ಕೆ ತಿರುಗಿಸಿದರೆ ಮುಗಿಯಿತು. ಹ್ಯಾಂಡಲ್ಲನ್ನೂ ಅದನ್ನು ನಡುವೆ ಹಿಡಿದಿರುವ ಕ್ಲ್ಯಾಂಪ್ ಒಳಗೆ ಚೂರು ಹಿಂದಕ್ಕೋ ಮುಂದಕ್ಕೋ ತಿರುಗಿಸಬಹುದು. ನನ್ನ ತಮ್ಮನ ಕೈನೋವು ಇಷ್ಟಕ್ಕೇ ಹೋಯಿತು.

ಇಷ್ಟಾದರೂ ಸರಿಯಾಗದಿದ್ದರೆ ಅಳತೆಗೆ ಬನ್ನಿ. ಒಂದು ಮೀಟರ್ ಉದ್ದದ ಅಡಿಕೆ ದಬ್ಬೆ ತೆಗೆದುಕೊಳ್ಳಿ. ಬೈಕನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ಅಂಗಳದಲ್ಲಿ ನಿಲ್ಲಿಸಿ. ಕೂತು, ಕಣ್ಣು ಮುಚ್ಚಿ, ಎರಡೂ ಕೈ ಮುಂದಕ್ಕೆ ಚಾಚಿ ಆರಾಮಾಗಿ ಇಳಿಬಿಡಿ. ಕೈ ಎಲ್ಲಿ ತಾನಾಗಿ ನಿಲ್ಲುತ್ತದೋ ಅಲ್ಲಿ ಮನೆಯವರು ಯಾರಾದರೂ ದಬ್ಬೆ ಹಿಡಿಯಲಿ, ನೀವು ಅದನ್ನು ಹಿಡಿದುಕೊಳ್ಳಿ. ದಬ್ಬೆ ಮೇಲೆ ಎರಡೂ ಅಂಗೈಯ ಹೊರ ಅಂಚಿಗೆ ಗುರುತು ಮಾಡಿ. ಅದು ನಿಮಗೆ ಬೇಕಾದ ಅಗಲ. ಈಗಿನ ಗ್ರಿಪ್‌ನಿಂದ ದಬ್ಬೆ ಎಷ್ಟು ಮೇಲಿದೆ, ಎಷ್ಟು ಹಿಂದಿದೆ ಅಂತ ಟೇಪ್ ಹಿಡಿದು ಬರೆದುಕೊಳ್ಳಿ. ಇದನ್ನೇ ಇನ್ನೊಂದು ಸಲ ರೈನ್‌ಕೋಟ್ ಹಾಕಿಕೊಂಡು ಮಾಡಿ. ಜೂನ್‌ನಿಂದ ನಾಲ್ಕು ತಿಂಗಳು ನಾವು ಓಡಿಸುವುದು ಅದರಲ್ಲೇ ತಾನೆ? ಹ್ಯಾಂಡಲ್ ದೂರವಾದರೆ ರೈನ್‌ಕೋಟಿನ ತೋಳು ಮೇಲಕ್ಕೆ ಎಳೆದು ಮಣಿಕಟ್ಟಿನಿಂದ ನೀರು ಒಳಗೆ ಇಳಿಯುತ್ತದೆ.

ಸಾಮಾನ್ಯವಾಗಿ ಬೇಕಾಗುವ ವ್ಯತ್ಯಾಸ ಎರಡು ಮೂರು ಸೆಂಟಿಮೀಟರ್ ಮಾತ್ರ. ನಿಮ್ಮ ಅಳತೆ ಹತ್ತು ಸೆಂಟಿಮೀಟರ್ ತೋರಿಸುತ್ತಿದ್ದರೆ ಆ ಬೈಕೇ ನಿಮ್ಮ ಮೈಗೆ ಹೊಂದುತ್ತಿಲ್ಲ, ಅಥವಾ ಸೀಟು ಕುಸಿದಿದೆ. ಸೀಟಿನ ಸ್ಪಂಜು ಕೂತುಹೋಗಿದ್ದರೆ ಅದನ್ನು ಮೊದಲು ಸರಿಮಾಡಿಸಿ.

ಅಂಗಡಿಯಲ್ಲಿ ಏನು ಕೇಳಬೇಕು

ನಮ್ಮಲ್ಲಿ ಓಡುವ ಬಹುಪಾಲು ಬೈಕ್‌ಗಳ ಹ್ಯಾಂಡಲ್ ಪೈಪು 22 ಎಂಎಂ ದಪ್ಪ. ಕೆಲವು ದೊಡ್ಡ ಬೈಕ್‌ಗಳಲ್ಲಿ ನಡುವೆ ಕ್ಲ್ಯಾಂಪ್ ಹಿಡಿಯುವ ಕಡೆ 28 ಎಂಎಂಗೆ ಸ್ವಲ್ಪ ಜಾಸ್ತಿ ಇದ್ದು, ಗ್ರಿಪ್ ಹತ್ತಿರ 22ಕ್ಕೆ ಸಣ್ಣದಾಗುತ್ತದೆ. ಕೆಲವು ಕ್ರೂಸರ್‌ಗಳಲ್ಲಿ ಪೂರ್ತಿ ಒಂದು ಇಂಚು. ದಪ್ಪ ಅಳೆಯುವ ವರ್ನಿಯರ್ ಇದ್ದರೆ ಅಳೆದುಕೊಂಡು ಹೋಗಿ. ಇಲ್ಲದಿದ್ದರೆ ಗಾಡಿಯನ್ನೇ ಅಂಗಡಿ ಮುಂದೆ ನಿಲ್ಲಿಸಿ. ದಪ್ಪ ಹೊಂದದ ಹ್ಯಾಂಡಲ್‌ಗೆ ಡಬ್ಬಿ ತಗಡು ಸುತ್ತಿ ಕ್ಲ್ಯಾಂಪ್ ಬಿಗಿಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಘಾಟಿಯಲ್ಲಿ ಜೋರಾಗಿ ಬ್ರೇಕ್ ಹಿಡಿದಾಗ ಅದು ಮುಂದಕ್ಕೆ ತಿರುಗಿಕೊಂಡರೆ ಏನು ಗತಿ? ಖಂಡಿತ ಬೇಡ.

ಹ್ಯಾಂಡಲ್ ನಡುವೆ ಕ್ಲ್ಯಾಂಪ್ ಕೂರುವ ಜಾಗದಲ್ಲಿ ಗರಗಸದ ಹಲ್ಲಿನಂತೆ ಸಣ್ಣ ಗೆರೆಗಳಿವೆಯಾ ನೋಡಿ. ಅವು ಜಾರದಂತೆ ಹಿಡಿಯುತ್ತವೆ. ಎರಡೂ ತುದಿಯಿಂದ ಕಣ್ಣು ಹಾಯಿಸಿ, ಬಾಗು ಒಂದೇ ಸಮ ಇರಬೇಕು. ಕ್ರೋಮ್ ಹಾಕಿದ ಕಬ್ಬಿಣದ ಹ್ಯಾಂಡಲ್ ಅಗ್ಗ, ಗಟ್ಟಿ. ಆದರೆ ನಮ್ಮ ಥಂಡಿಗೆ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹಾಕುವ ಮುಂಚೆ ಪೈಪಿನ ಒಳಗೆ ಸ್ವಲ್ಪ ಆಯಿಲ್ ಸುರಿದು, ತಿರುಗಿಸಿ, ಬಸಿದು, ತುದಿಗೆ ಬಿರಡೆ ಹಾಕಿ. ಅಲ್ಯೂಮಿನಿಯಂ ಹಗುರ, ಕಬ್ಬಿಣದಂತೆ ತುಕ್ಕು ಹಿಡಿಯದು. ಬಿದ್ದು ಬಾಗಿದರೆ ಮಾತ್ರ ನೆಟ್ಟಗೆ ಮಾಡಲು ಹೋಗಬೇಡಿ. ಯಾವ ಹ್ಯಾಂಡಲ್ಲೇ ಆಗಲಿ, ಬೆಸುಗೆ ಹಾಕಿದ್ದನ್ನು ಬಳಸಬೇಡಿ.

ಎತ್ತರ ಮಾತ್ರ ಬೇಕಿದ್ದರೆ ಹ್ಯಾಂಡಲ್ ಕೆಳಗೆ ಕೂರಿಸುವ ರೈಸರ್ ಸಿಗುತ್ತದೆ. ಹಳೇ ಹ್ಯಾಂಡಲ್ಲೇ ಒಂದು ಇಂಚು ಮೇಲೆ ಬರುತ್ತದೆ. ಎಷ್ಟೋ ಬೈಕ್‌ಗಳಲ್ಲಿ ಒಂದು ಇಂಚಿಗೆ ಹಳೇ ಕೇಬಲ್ ಸಾಲುತ್ತದೆ. ಮೂರು ಇಂಚು ಅಂದರೆ ಸಾಲುವುದಿಲ್ಲ ಅಂತಲೇ ಲೆಕ್ಕ ಹಾಕಿ, ಎಕ್ಸಲೇಟರ್ ಕೇಬಲ್, ಕ್ಲಚ್ ಕೇಬಲ್, ಡಿಸ್ಕ್ ಬ್ರೇಕಿನ ಪೈಪು ಮೂರನ್ನೂ ಉದ್ದದ್ದು ತರಬೇಕು.

ಅಗಲದ ಬಗ್ಗೆ ಒಂದು ಮಾತು. ಅಗಲವಾದ ಹ್ಯಾಂಡಲ್ ಮಣ್ಣುರಸ್ತೆಯಲ್ಲಿ, ತೋಟದ ದಾರಿಯಲ್ಲಿ ಒಳ್ಳೇ ಹಿಡಿತ ಕೊಡುತ್ತದೆ. ಅದೇ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸಂಜೆ ಹೊತ್ತು ನುಗ್ಗಿದರೆ ಕನ್ನಡಿ ಯಾರಿಗಾದರೂ ತಗುಲುತ್ತದೆ. ನಿಮ್ಮ ಓಡಾಟ ಎಲ್ಲಿ ಜಾಸ್ತಿ ಅನ್ನುವುದರ ಮೇಲೆ ತೀರ್ಮಾನ ಮಾಡಿ.

ಕೆಲಸಕ್ಕೆ ಕೂರುವುದು

ಅರ್ಧ ದಿನ ಬಿಡುವು ಇಟ್ಟುಕೊಳ್ಳಿ. ಸ್ಪ್ಯಾನರ್ ಸೆಟ್, ಅಲೆನ್ ಕೀ, ಅಳತೆಗೆ ಸರಿಯಾದ ಸ್ಟಾರ್ ಸ್ಕ್ರೂಡ್ರೈವರ್, ಹಳೇ ಸೈಕಲ್ ಟ್ಯೂಬಿನ ಪಟ್ಟಿ, ಸೋಪಿನ ನೀರು, ಒಂದು ಹಳೇ ಕಂಬಳಿ ಬೇಕು. ಸ್ವಿಚ್ ಬಾಕ್ಸಿನ ಸ್ಕ್ರೂಗಳು ಮಳೆನೀರು ಕುಡಿದು ಕಚ್ಚಿಕೊಂಡಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಒಂದೊಂದು ಹನಿ ಬಿಟ್ಟಿಡಿ.

ಮೊದಲು ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಯಾವ ಕೇಬಲ್ ಯಾವುದರ ಹಿಂದಿನಿಂದ ಹೋಗಿದೆ ಅನ್ನುವುದು ಮಧ್ಯಾಹ್ನದ ಹೊತ್ತಿಗೆ ಖಂಡಿತ ಮರೆತಿರುತ್ತದೆ. ಕಂಬಳಿಯನ್ನು ಟ್ಯಾಂಕ್ ಮೇಲೆ ಹೊದಿಸಿ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ.

ಕನ್ನಡಿ ಬಿಚ್ಚಿ, ಆಮೇಲೆ ಗ್ರಿಪ್. ಗ್ರಿಪ್ಪಿನ ಅಂಚನ್ನು ತೆಳು ಸ್ಕ್ರೂಡ್ರೈವರಿನಿಂದ ಸ್ವಲ್ಪ ಎತ್ತಿ ಸೋಪಿನ ನೀರು ಬಿಡಿ, ತಿರುಚುತ್ತಾ ಎಳೆಯಿರಿ, ಬರುತ್ತದೆ. ಬಲಗಡೆಯದ್ದು ಎಕ್ಸಲೇಟರ್ ತಿರುಗುವ ಪ್ಲಾಸ್ಟಿಕ್ ಕೊಳವೆ ಸಮೇತ ಬರುವುದರಿಂದ ಗ್ರಿಪ್ ಬಿಚ್ಚುವ ಅಗತ್ಯವಿಲ್ಲ. ಸ್ವಿಚ್ ಬಾಕ್ಸ್ ಎರಡು ಹೋಳಾಗಿ ತೆರೆದುಕೊಳ್ಳುತ್ತದೆ. ಒಳಗೆ ಒಂದು ಸಣ್ಣ ಮೊಳೆಯಂಥ ಪಿನ್ ಇರಬಹುದು, ನೋಡಿಕೊಳ್ಳಿ. ಸ್ವಿಚ್ ಹ್ಯಾಂಡಲ್ ಮೇಲೆ ತಿರುಗದಂತೆ ಹಿಡಿಯುವುದು ಅದೇ.

ಬ್ರೇಕ್ ಆಯಿಲ್ ಡಬ್ಬಿ ಬಿಚ್ಚುವಾಗ ಎಚ್ಚರ. ಪೈಪು ಬದಲಾಯಿಸದಿದ್ದರೆ ಆಯಿಲ್ ತೆರೆಯುವ ಅಗತ್ಯವೇ ಇಲ್ಲ. ಡಬ್ಬಿ ಹ್ಯಾಂಡಲ್‌ನಿಂದ ಕೈಗೆ ಬಂದ ಕೂಡಲೆ, ಈಗ ಹೇಗಿದೆಯೋ ಹಾಗೇ ನೆಟ್ಟಗೆ, ಟ್ಯೂಬಿನ ಪಟ್ಟಿಯಿಂದ ಎಲ್ಲಿಗಾದರೂ ಕಟ್ಟಿಡಿ. ತಲೆಕೆಳಗಾದರೆ ಗಾಳಿ ಒಳಗೆ ಹೋಗಬಹುದು, ಬ್ರೇಕ್ ಲಿವರ್ ಮೆತ್ತಗಾಗುತ್ತದೆ. ಬ್ರೇಕ್ ಆಯಿಲ್ ಪೇಂಟ್ ಮೇಲೆ ಬಿದ್ದರೆ ಬಣ್ಣ ಎದ್ದುಬಿಡುತ್ತದೆ, ತಕ್ಷಣ ನೀರು ಹಾಕಿ ತೊಳೆಯಿರಿ.

ಪೈಪು ಬದಲಾಯಿಸಲೇಬೇಕಿದ್ದರೆ ಆ ಒಂದು ಭಾಗವನ್ನು ತಿಳಿದ ಮೆಕ್ಯಾನಿಕ್ ಹತ್ತಿರ ಮಾಡಿಸಿ. 125 ಸಿಸಿಗಿಂತ ದೊಡ್ಡ ಬೈಕ್‌ಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ಎಬಿಎಸ್ ಇರುವ ಗಾಡಿಯಲ್ಲಿ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯುವುದು ಮನೆಯಲ್ಲಿ ಸರಿಯಾಗಿ ಆಗದೇ ಹೋಗಬಹುದು. ಮೆಕ್ಯಾನಿಕ್ ಹತ್ತಿರ ಎರಡು ವಿಷಯ ಕೇಳಿ: ಪೈಪಿನ ಬೋಲ್ಟಿಗೆ ಹೊಸ ವಾಷರ್ ಹಾಕಿ ಅನ್ನಿ, ಮತ್ತು ಸೀಲ್ ಒಡೆಯದ ಹೊಸ ಆಯಿಲ್ ಡಬ್ಬಿ ಬಳಸಿ ಅನ್ನಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಆಗುಂಬೆ ಸೀಮೆಯ ಮಳೆಗಾಲದಲ್ಲಿ ಮುಚ್ಚಳ ತೆಗೆದಿಟ್ಟ ಹಳೇ ಆಯಿಲ್ ಅಂದರೆ ನೀರು ಬೆರೆತ ಆಯಿಲ್. ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆ ನೀರು ಆವಿಯಾಗಿ ಬ್ರೇಕ್ ಹಿಡಿಯುವುದೇ ಇಲ್ಲ. ಸಾಧ್ಯವಾದರೆ ಈ ಕೆಲಸವನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ.

ಈಗ ನಡುವಿನ ನಾಲ್ಕು ಬೋಲ್ಟ್ ಬಿಚ್ಚಿ ಹಳೇ ಹ್ಯಾಂಡಲ್ ತೆಗೆಯಿರಿ. ಕ್ಲ್ಯಾಂಪ್ ಮೇಲೆ ಬಾಣದ ಗುರುತೋ ಚುಕ್ಕಿಯೋ ಇದ್ದರೆ ಅದು ಯಾವ ಕಡೆ ಮುಖ ಮಾಡಿದೆ ಅಂತ ಗಮನಿಸಿ. ಹಳೆಯದು, ಹೊಸದು ಎರಡನ್ನೂ ನೆಲದ ಮೇಲೆ ಅಕ್ಕಪಕ್ಕ ಇಟ್ಟು ನೋಡಿ. ನೀವು ಬರೆದುಕೊಂಡ ಅಳತೆ ಬಂದಿದೆಯಾ?

ಹೊಸ ಹ್ಯಾಂಡಲ್ ಕೂರಿಸಿ, ಬೋಲ್ಟ್ ಜಾರದಷ್ಟು ಮಾತ್ರ ಬಿಗಿಮಾಡಿ. ಎರಡೂ ಕಡೆ ಅಳತೆ ಹಿಡಿದು ನಡುವೆ ತನ್ನಿ. ಮೇಲೆ ಕೂತು, ಮತ್ತೆ ಕಣ್ಣು ಮುಚ್ಚಿ ಕೈ ಚಾಚಿ. ಕೈ ಹೋಗಿ ಕೂತ ಕಡೆಗೆ ಹ್ಯಾಂಡಲ್ ಬರುವ ತನಕ ಹಿಂದೆ ಮುಂದೆ ತಿರುಗಿಸುತ್ತಾ ಇರಿ. ಇದಕ್ಕೆ ಇಪ್ಪತ್ತು ನಿಮಿಷ ಹೋದರೂ ಚಿಂತೆಯಿಲ್ಲ. ಇಡೀ ಕೆಲಸದ ಸುಖ ಇರುವುದು ಇದರಲ್ಲೇ. ಆಮೇಲೆ ಹ್ಯಾಂಡಲ್ಲನ್ನು ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ. ಗ್ರಿಪ್ಪಿಗೂ ಟ್ಯಾಂಕಿಗೂ ನಡುವೆ ಬೆರಳು ಸಿಕ್ಕಿಕೊಳ್ಳದಷ್ಟು ಜಾಗ ಉಳಿಯಬೇಕು. ಉಳಿಯದಿದ್ದರೆ ಆ ಹ್ಯಾಂಡಲ್ ನಿಮ್ಮ ಬೈಕಿಗೆ ಆಗದು, ವಾಪಸ್ ಕೊಡಿ.

ಕೋನ ಗೊತ್ತಾದ ಮೇಲೆ ಸ್ವಿಚ್ಚಿನ ಪಿನ್ನಿಗೆ ತೂತು. ಪಿನ್ನಿನ ತುದಿಗೆ ಒಂದು ಹನಿ ಉಗುರುಬಣ್ಣ ಹಚ್ಚಿ, ಸ್ವಿಚ್ ಬಾಕ್ಸ್ ಎಲ್ಲಿ ಬೇಕೋ ಅಲ್ಲಿ ಹಿಡಿದು ಮೆಲ್ಲಗೆ ಒತ್ತಿ. ಚುಕ್ಕಿ ಮೂಡುತ್ತದೆ. ಹ್ಯಾಂಡಲ್ ಕಳಚಿ, ಆ ಚುಕ್ಕಿಗೆ ಪಂಚ್ ಹೊಡೆದು, ಪಿನ್ನಿನ ದಪ್ಪಕ್ಕೆ ಸರಿಯಾಗಿ, ಪೈಪಿನ ಒಂದು ಗೋಡೆಗೆ ಮಾತ್ರ ಡ್ರಿಲ್ ಮಾಡಿ. ಅಂಚು ಉಜ್ಜಿ ನುಣ್ಣಗೆ ಮಾಡಿ. ತೂತು ಯಾಕೆ, ಪಿನ್ನನ್ನೇ ಕತ್ತರಿಸಿ ಬಿಸಾಡಿ ಅನ್ನುವವರಿದ್ದಾರೆ. ಬೇಡ. ಪಿನ್ ಹೋದರೆ ಸ್ವಿಚ್ ಬಾಕ್ಸ್, ಅದರ ಜೊತೆ ಎಕ್ಸಲೇಟರ್ ಕೇಬಲ್ಲಿನ ತುದಿಯೂ ತಿರುಗುತ್ತದೆ.

ಬೋಲ್ಟ್ ಬಿಗಿಮಾಡುವಾಗ ಒಂದನ್ನೇ ಪೂರ್ತಿ ಬಿಗಿಮಾಡದೆ, ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಬಾಣವೋ ಚುಕ್ಕಿಯೋ ಇರುವ ಕೆಲವು ಕ್ಲ್ಯಾಂಪ್‌ಗಳಲ್ಲಿ ಮುಂದಿನ ಬೋಲ್ಟ್ ಮೊದಲು ಪೂರ್ತಿ ಬಿಗಿಮಾಡಿ ಹಿಂದೆ ಸಂದು ಬಿಡುವ ಕ್ರಮ ಇರುತ್ತದೆ. ಗಾಡಿಯ ಪುಸ್ತಕ ನೋಡಿ. 8 ಎಂಎಂ ಬೋಲ್ಟ್‌ಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಬಿಗಿ ಸಾಕು. ಇಲ್ಲೂ ಪುಸ್ತಕದ ಅಂಕಿಯೇ ಅಂತಿಮ. ಬಿಗಿ ಅಳೆಯುವ ಟಾರ್ಕ್ ರೆಂಚ್ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಆದರೆ ನಮ್ಮ ಕಡೆ ಅಡಿಕೆ ತೂಗುವ ಕೊಕ್ಕೆ ತಕ್ಕಡಿ ಇರುತ್ತದಲ್ವಾ? ಬೋಲ್ಟಿನಿಂದ 20 ಸೆಂಟಿಮೀಟರ್ ದೂರಕ್ಕೆ ಸ್ಪ್ಯಾನರಿಗೆ ಅದರ ಕೊಕ್ಕೆ ಸಿಕ್ಕಿಸಿ, ಸ್ಪ್ಯಾನರಿಗೆ ನೇರ ಅಡ್ಡಲಾಗಿ ಎಳೆಯಿರಿ. ತಕ್ಕಡಿ 11 ಕೆ.ಜಿ. ತೋರಿಸಿದಾಗ ಸುಮಾರು 22 ನ್ಯೂಟನ್ ಮೀಟರ್ ಆಗಿರುತ್ತದೆ. ನಾನು ಈಗಲೂ ಹಾಗೇ ಮಾಡುತ್ತೇನೆ.

ಗ್ರಿಪ್ ಹಾಕಲು ಗ್ರೀಸು, ಎಣ್ಣೆ ಯಾವತ್ತೂ ಬೇಡ. ಗ್ರಿಪ್ ಗೋಂದು ಸಿಗುತ್ತದೆ, ಅದನ್ನೇ ಹಚ್ಚಿ. ಮಳೆಯಲ್ಲಿ ಎಡಗೈ ಗ್ರಿಪ್ ತಿರುಗಿಕೊಂಡರೆ ಹಿಡಿತವೇ ತಪ್ಪಿಹೋಗುತ್ತದೆ. ಎಕ್ಸಲೇಟರ್ ಕಡೆ ಗೋಂದು ಪ್ಲಾಸ್ಟಿಕ್ ಕೊಳವೆಯ ಮೇಲೆ ಮಾತ್ರ, ಒಳಗೆ ಇಳಿಯಬಾರದು.

ರಸ್ತೆಗೆ ಇಳಿಯುವ ಮುಂಚೆ

ಈಗ ಆ ಅಪಾಯದ ವಿಷಯ. ಮೊದಲ ಸಲ ನಾನು ಎತ್ತರದ ಹ್ಯಾಂಡಲ್ಲನ್ನು ಒಂದು ಗ್ಯಾರೇಜಿನಲ್ಲಿ ಹಾಕಿಸಿದ್ದೆ. ಹಳೇ ಎಕ್ಸಲೇಟರ್ ಕೇಬಲ್ಲನ್ನೇ ಎಳೆದು ಕೂರಿಸಿದ್ದರು. ನೇರ ರಸ್ತೆಯಲ್ಲಿ ಏನೂ ಗೊತ್ತಾಗಲಿಲ್ಲ. ಮರುವಾರ ಆಗುಂಬೆ ಘಾಟಿ ಇಳಿಯುತ್ತಿದ್ದೆ. ಒಂದು ಹೇರ್‌ಪಿನ್ ತಿರುವಿನಲ್ಲಿ ಕೆಳಗಿನಿಂದ ಬಸ್ ಬಂತು. ನಡೆಯುವಷ್ಟು ವೇಗಕ್ಕೆ ತಂದು, ಹ್ಯಾಂಡಲ್ ಹೆಚ್ಚುಕಮ್ಮಿ ಪೂರ್ತಿ ತಿರುಗಿಸಿದೆ. ಕೈ ಎಕ್ಸಲೇಟರ್ ತಿರುಗಿಸಿರಲಿಲ್ಲ. ಆದರೂ ಇಂಜಿನ್ ಗುರ್ರ್ ಅಂತ ಏರಿತು, ಗಾಡಿ ಮುಂದಕ್ಕೆ ಜಗ್ಗಿತು. ಕ್ಲಚ್ ಹಿಡಿದದ್ದರಿಂದ ಬಸ್ಸಿನ ಬದಿಗೆ ತಾಗಲಿಲ್ಲ. ಬದಿಯ ತಡೆಗೋಡೆಗೆ ಕಾಲು ಕೊಟ್ಟು ನಿಂತೆ, ಮೊಣಕಾಲು ನಡುಗುತ್ತಿತ್ತು. ಹ್ಯಾಂಡಲ್ ತಿರುಗಿದಾಗ ಕೇಬಲ್ ಬಿಗಿದು ತಾನೇ ಎಕ್ಸಲೇಟರ್ ಎಳೆದಿತ್ತು, ಅಷ್ಟೆ.

ಅದಕ್ಕೆ ಈ ಪರೀಕ್ಷೆಗಳನ್ನು ದಯವಿಟ್ಟು ಬಿಡಬೇಡಿ.

ಇಂಜಿನ್ ಆಫ್ ಇರುವಾಗ ಹ್ಯಾಂಡಲ್ ನೇರ, ಪೂರ್ತಿ ಎಡ, ಪೂರ್ತಿ ಬಲ, ಮೂರು ಕಡೆಯಲ್ಲೂ ಎಕ್ಸಲೇಟರ್ ತಿರುಗಿಸಿ ಬಿಡಿ. ಪ್ರತಿ ಸಲ ಟಕ್ ಅಂತ ತಾನಾಗಿ ವಾಪಸ್ ಬರಬೇಕು. ಬ್ಯಾಟರಿ ವೈರ್ ಹಾಕಿ, ನ್ಯೂಟ್ರಲ್‌ನಲ್ಲಿ ಇಂಜಿನ್ ಶುರು ಮಾಡಿ, ಹ್ಯಾಂಡಲ್ಲನ್ನು ನಿಧಾನವಾಗಿ ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ. ಇಂಜಿನ್ ಸದ್ದು ಒಂದಿಷ್ಟೂ ಏರಬಾರದು. ಏರಿದರೆ ಕೇಬಲ್ ಹೋಗಿರುವ ದಾರಿ ತಪ್ಪಿದೆ ಅಥವಾ ಉದ್ದ ಸಾಲುತ್ತಿಲ್ಲ. ಮೊದಲು ತೆಗೆದಿಟ್ಟ ಫೋಟೋ ನೋಡಿ, ದಾರಿ ಸರಿ ಇದ್ದರೆ ಉದ್ದದ ಕೇಬಲ್ ತನ್ನಿ. ಈಚಿನ ಕೆಲವು ಬೈಕ್‌ಗಳಲ್ಲಿ ಎಕ್ಸಲೇಟರಿಗೆ ಕೇಬಲ್ ಬದಲು ಕರೆಂಟ್ ವೈರ್ ಇರುತ್ತದೆ. ಅಲ್ಲೂ ವೈರ್ ಬಿಗಿಯಬಾರದು.

ಬ್ರೇಕ್ ಪೈಪನ್ನು ಮುಂದಿನ ಚಕ್ರ ಎತ್ತಿ ನೋಡಿ. ನೆಲದ ಮೇಲಿದ್ದಾಗ ಫೋರ್ಕ್ (ಮುಂದಿನ ಶಾಕ್ ಅಬ್ಸಾರ್ಬರ್) ಕುಗ್ಗಿರುತ್ತದೆ, ಪೈಪು ಸಡಿಲ ಕಾಣುತ್ತದೆ. ಗುಂಡಿ ಹಾರಿದಾಗ ಫೋರ್ಕ್ ಪೂರ್ತಿ ಚಾಚಿದರೆ ಪೈಪು ಜಗ್ಗುತ್ತದಾ? ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದೆ ಒಬ್ಬರು ಭಾರ ಬಿಟ್ಟರೆ ಮುಂಚಕ್ರ ಏಳುತ್ತದೆ. ಆಗ ಎರಡೂ ಕಡೆ ತಿರುಗಿಸಿ. ಸ್ವಿಚ್ಚಿನ ವೈರುಗಳನ್ನೂ ಹೀಗೇ ನೋಡಿ.

ಕ್ಲಚ್ ಲಿವರ್ ತುದಿಯಲ್ಲಿ 10ರಿಂದ 15 ಎಂಎಂ ಸಡಿಲ ಇರಲಿ. ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್, ಡಿಮ್ ಡಿಪ್ ಎಲ್ಲ ಒತ್ತಿ ನೋಡಿ. ಮಂಜಿನಲ್ಲಿ ಓಡಾಡುವ ನಮಗೆ ಬ್ರೇಕ್ ಲೈಟ್ ಉರಿಯದಿದ್ದರೆ ಹಿಂದಿನವನಿಗೆ ನಾವು ಕಾಣುವುದೇ ಇಲ್ಲ.

ಮೂರು ಚಕ್ರದ ಗಾಡಿಯವರಿಗೆ

ಮೂರು ಚಕ್ರದ ಗಾಡಿ ಬೈಕಿನ ಹಾಗೆ ವಾಲುವುದಿಲ್ಲ. ತಿರುವಿನಲ್ಲಿ ಹ್ಯಾಂಡಲ್ಲನ್ನು ನಿಜವಾಗಿ ತಿರುಗಿಸಲೇಬೇಕು, ತೋಳಿಗೆ ಶ್ರಮ ಜಾಸ್ತಿ. ಅಗಲವಾದ ಹ್ಯಾಂಡಲ್ ಆ ಶ್ರಮ ಕಡಿಮೆ ಮಾಡುತ್ತದೆ. ಆದರೆ ತೀರಾ ಅಗಲವಾದರೆ ತಿರುಗಿಸುವಾಗ ಹೊರಗಿನ ಕೈ ಬಹಳ ದೂರ ಹೋಗುತ್ತದೆ. ಹಾಗಾಗಿ ಕೂತು ಪೂರ್ತಿ ತಿರುಗಿಸಿ, ಬೆನ್ನು ಸೀಟಿನಿಂದ ಏಳದೆ ಎರಡೂ ಕೈ ಎಟುಕುತ್ತವೆಯಾ ನೋಡಿಯೇ ತೀರ್ಮಾನಿಸಿ. ಪಕ್ಕಕ್ಕೆ ಚಕ್ರ ಹಾಕಿಸಿಕೊಂಡ ಸ್ಕೂಟರ್‌ಗಳಲ್ಲಿ ಹ್ಯಾಂಡಲ್ ಪ್ಲಾಸ್ಟಿಕ್ ಕವರಿನ ಒಳಗೆ ಇರುವುದರಿಂದ ಬದಲಾಯಿಸಲು ಅವಕಾಶ ಕಡಿಮೆ. ಅಲ್ಲಿ ದಪ್ಪ ಗ್ರಿಪ್ ಹಾಕುವುದು, ಸೀಟನ್ನು ಮುಂದಕ್ಕೆ ತರಿಸುವುದು ಹೆಚ್ಚು ಸುಲಭ.

ಮೊದಲ ನೂರು ಕಿಲೋಮೀಟರ್

ಮೊದಲ ದಿನ ಊರಿನ ಖಾಲಿ ಮೈದಾನದಲ್ಲಿ ಎಂಟರ ಆಕಾರದಲ್ಲಿ ನಿಧಾನವಾಗಿ ಸುತ್ತಿ. ಅಭ್ಯಾಸವಾದ ಮೇಲೆ ಹಳ್ಳಿ ರಸ್ತೆ. ಘಾಟಿಗೆ ಅವಸರ ಬೇಡ. ಬೋಲ್ಟ್ ಮತ್ತು ಕ್ಲ್ಯಾಂಪ್ ಎರಡಕ್ಕೂ ಸೇರುವಂತೆ ಉಗುರುಬಣ್ಣದಿಂದ ಒಂದು ಗೆರೆ ಎಳೆದಿಡಿ. ಬೋಲ್ಟ್ ಸಡಿಲವಾದರೆ ಗೆರೆ ಮುರಿದದ್ದು ಕಣ್ಣಿಗೇ ಕಾಣುತ್ತದೆ. ನೂರು ಕಿಲೋಮೀಟರ್ ಆದ ಮೇಲೆ ತಕ್ಕಡಿ ಹಿಡಿದು ಇನ್ನೊಂದು ಸಲ ನೋಡಿ.

ಕಾನೂನು ಏನು ಹೇಳುತ್ತೆ ಅಂತ ಕೆಲವರು ಕೇಳುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ನಿಗದಿ ಮಾಡಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಾಡು ಮಾಡುವಂತಿಲ್ಲ. ಎರಡು ಸೆಂಟಿಮೀಟರ್ ಎತ್ತರಿಸುವುದು ಬೇರೆ, ತಲೆಗಿಂತ ಮೇಲೆ ಹೋಗುವ ಹ್ಯಾಂಡಲ್ ಹಾಕುವುದು ಬೇರೆ. ಕಂಪನಿಯೇ ಮಾರುವ ಬಿಡಿಭಾಗ ಸಿಕ್ಕರೆ ಅದನ್ನೇ ಹಾಕಿ, ಬಿಲ್ ಇಟ್ಟುಕೊಳ್ಳಿ, ಇನ್ಶೂರೆನ್ಸ್‌ನವರಿಗೆ ಒಂದು ಮಾತು ತಿಳಿಸಿ.

ಹಳೇ ಹ್ಯಾಂಡಲ್ಲನ್ನು ಗುಜರಿಗೆ ಹಾಕಬೇಡಿ. ಗಾಡಿ ಮಾರುವಾಗ ಬೇಕಾಗುತ್ತದೆ. ಆಯಿಲ್ ಬಟ್ಟೆಯಲ್ಲಿ ಒರೆಸಿ, ಹಳೇ ಬೋಲ್ಟ್‌ಗಳನ್ನೂ ಒಂದು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹಾಕಿ ಅದಕ್ಕೇ ಕಟ್ಟಿ, ಅಟ್ಟದ ಮೇಲೆ ಒಲೆಯ ಬಿಸಿ ತಾಗುವ ಕಡೆ ಇಡಿ. ಅಲ್ಲಿ ಥಂಡಿ ಹಿಡಿಯುವುದಿಲ್ಲ.